ತಾಯಿ ಸತ್ತರೆ ಮೂರು ದಿನ

ಕಳೆದ ತಿಂಗಳು ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ನನ್ನ ತಂಗಿಯ ಮಗ ಶ್ರೀಶೈಲನ ಪವರ್‌ಲೂಮ್ ಕಾರಖಾನೆಗೆ ಹೋಗಿದ್ದೆ. ಹೋಗಬಾರದಿತ್ತು. ಈ ವಯಸ್ಸಿನಲ್ಲಿ ಮಗ್ಗದ ಸದ್ದು ಕೇಳುವ ಚಪಲ ನನಗೇನೂ ಉಳಿದಿಲ್ಲ. ಅವನೇ "ಮಾಮಾ, ಹೊಸಾ ಮಶೀನ ಹಾಕೀನಿ, ಒಂದ ಸಲ ಬಂದ ನೋಡ್ರಿ" ಎಂದು ಬೆನ್ನು ಹತ್ತಿದ್ದ. ಒಳಗೆ ಕಾಲಿಟ್ಟ ಕೂಡಲೇ ನೂಲಿಗೆ ಹಚ್ಚುವ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಹುಳಿ ಬಂದ ಹಿಟ್ಟಿನ ಮೇಲೆ ಕೊಬ್ಬು ಕಾಸಿ ಸುರಿದರೆ ಹೇಗಿರುತ್ತದೋ ಹಾಗೆ. ಮಶೀನು ಹೊಸದಾದರೂ ವಾಸನೆ ಹಳೆಯದೇ. ನನಗೆ ಅಲ್ಲೇ ತಲೆ ಕೆಟ್ಟಿತು.

ಅವನ ಆಫೀಸಿನ ಗೋಡೆಗೆ ರಜೆಯ ನಿಯಮಗಳ ಒಂದು ಹಾಳೆ ಅಂಟಿಸಿದ್ದರು. ಸಾಹೇಬರಿಗೆ ಇಷ್ಟು, ಕಾರಕೂನರಿಗೆ ಇಷ್ಟು, ಕೆಲಸಗಾರರಿಗೆ ಇಷ್ಟು. ನಾನು ಕನ್ನಡಕ ಏರಿಸಿ ಓದುತ್ತಿರುವುದನ್ನು ನೋಡಿ ಶ್ರೀಶೈಲ ನಕ್ಕ. "ಅದನ್ನೇನ ಓದ್ತೀರಿ ಮಾಮಾ, ಈ ಮಂದಿ ಭಾಳ ಹುಷಾರ ಅದಾರ. ಒಬ್ಬಾವ ಒಂದ ವರ್ಷದಾಗ ಮೂರ ಸಲ ಅಜ್ಜಿನ್ನ ಸಾಯಿಸ್ಯಾನ!" ಅವನ ಕಾರಕೂನನೂ ನಕ್ಕ. ಚಹಾ ತಂದಿಟ್ಟ ಹೆಂಗಸು ಕೂಡ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕಳು. ನಾನು ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ. ಮುದುಕರಿಗೆ ಏನಾದರೊಂದು ನೆವ ಸಾಕು ಸಿಟ್ಟಿಗೇಳಲು ಎಂದು ಅವನು ಮನೆಯಲ್ಲಿ ಹೇಳಿರಬೇಕು. ಹೇಳಲಿ. ಅವನಿಗೆ ಈ ವಿಷಯ ನಾನು ಯಾವತ್ತೂ ಹೇಳಿಲ್ಲ, ಯಾರಿಗೂ ಹೇಳಿಲ್ಲ.

ಮೂವತ್ತನೆಯ ಇಸವಿ ದಾಟಿ ನಾಲ್ಕೈದು ವರ್ಷ ಕಳೆದಿರಬೇಕು. ನನಗೆ ಆಗ ಇಪ್ಪತ್ತೆರಡು. ನಮ್ಮೂರು ಅಕ್ಕಲಕೋಟ ಸಂಸ್ಥಾನದ್ದು. ರೈಲಿನಿಂದ ಇಳಿದು ಎತ್ತಿನ ಗಾಡಿಯಲ್ಲಿ ಎರಡು ತಾಸು ಹೋಗಬೇಕು. ಅಪ್ಪ ಊರ ಪಾಟೀಲ. ಹೊಲ ನೋಡಿಕೊಳ್ಳಲು ಮೂವರು ಅಣ್ಣಂದಿರಿದ್ದರು. ನನ್ನ ಅಕ್ಷರ ದುಂಡಗಿತ್ತು, ಮರಾಠಿ ಕಾಗದಪತ್ರ ಬರೆಯುವ ಮೋಡಿ ಲಿಪಿಯೂ ಬರುತ್ತಿತ್ತು. ಇಂಥವನನ್ನು ಕುಂಟೆಯ ಹಿಂದೆ ಅಟ್ಟಿ ಏನು ಮಾಡುವುದೆಂದು ಸೊಲ್ಲಾಪುರದ ಒಂದು ದೊಡ್ಡ ಗಿರಣಿಯ ಹಾಜರಿ ಆಫೀಸಿಗೆ ಸೇರಿಸಿದರು. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ರಜೆ, ಯಾರಿಗೆ ಇಲ್ಲ ಎಂದು ಬರೆದಿಡುವುದು ನನ್ನ ಕೆಲಸ. ಊರಲ್ಲಿ ಮಾತ್ರ ನಮ್ಮವ್ವ "ನಮ್ಮ ಹುಡುಗ ಗಿರಣ್ಯಾಗ ಸಾಹೇಬ ಆಗ್ಯಾನ" ಎಂದು ಹೇಳಿಕೊಂಡು ತಿರುಗುತ್ತಿದ್ದಳು.

ಆ ವರ್ಷದ ಬಿಸಿಲು ನೆನೆದರೆ ಈಗಲೂ ಗಂಟಲು ಆರುತ್ತದೆ. ಸೊಲ್ಲಾಪುರದ ಬಿಸಿಲೇ ಬಿಸಿಲು, ಅದರಲ್ಲಿ ಆ ವರ್ಷದ್ದು ಇನ್ನೊಂದು ಕೈ ಮೇಲೆ. ನೇಯುವ ಶೆಡ್ಡಿನೊಳಗಿನ ಮಾತಂತೂ ಕೇಳಲೇಬೇಡಿ. ನೂಲು ಒಣಗಿದರೆ ಹರಿಯುತ್ತದೆಂದು ಅಲ್ಲಿ ದಿನವಿಡೀ ಹಬೆ ಬಿಡುತ್ತಿದ್ದರು, ಕಿಟಕಿಗಳನ್ನು ಮುಚ್ಚಿ ಇಡುತ್ತಿದ್ದರು. ಹಾಜರಿ ತೆಗೆದುಕೊಳ್ಳಲು ಒಳಗೆ ಹೋಗಿ ಬರುವಷ್ಟರಲ್ಲಿ ನನ್ನ ಅಂಗಿ ಹಿಂಡುವ ಹಾಗಾಗುತ್ತಿತ್ತು. ನೇಕಾರರು ಅದರೊಳಗೆ ಬೆಳಿಗ್ಗೆ ಗಿರಣಿಯ ಭೋಂಗಾ ಕೂಗಿದಾಗಿನಿಂದ ಸಂಜೆಯ ಭೋಂಗಾ ಕೂಗುವವರೆಗೆ ಇರುತ್ತಿದ್ದರು. ಈ ಬಿಸಿಲು ತಾಳಲಾರದೆ ರಜೆಯ ಮೇಲೆ ಹೋದವರು ಮಾತ್ರ ನಮ್ಮ ಮ್ಯಾನೇಜರ್ ಸಾಹೇಬರು. ಅವರ ಕೋಣೆಗೆ ಲಾವಂಚದ ಪರದೆ, ತಲೆಯ ಮೇಲೆ ಪಂಖಾ. ಆದರೂ ಯುಗಾದಿ ಮುಗಿಯುತ್ತಲೇ ಎರಡು ತಿಂಗಳು ಮಹಾಬಳೇಶ್ವರ. ಅಡಿಗೆಯವನು, ಎರಡು ನಾಯಿ, ಮೇಮಸಾಹೇಬರ ಬಾಜಾಪೆಟ್ಟಿಗೆ ಎಲ್ಲವೂ ಜೊತೆಗೆ. ನಾವು ಗೇಟಿನಲ್ಲಿ ಸಾಲಾಗಿ ನಿಂತು ಬೀಳ್ಕೊಟ್ಟೆವು. ಅವರ ರಜೆಯ ಕಾಗದದಲ್ಲಿ ಕಾರಣ ಎಂಬಲ್ಲಿ "ಉಷ್ಣದ ಬಾಧೆ" ಎಂದು ಬರೆದವನು ನಾನೇ. ಉಷ್ಣಕ್ಕೆ ಯಾವ ಪಾಟೀಲನ ದಾಖಲೆಯನ್ನೂ ಯಾರೂ ಕೇಳಲಿಲ್ಲ.

ನೇಕಾರಿಕೆಯ ಮಾಸ್ತರರಿಗೆ ವರ್ಷಕ್ಕೆ ಒಂದು ತಿಂಗಳು. ನಮ್ಮಂಥ ಕಾರಕೂನರಿಗೆ ಹದಿನೈದು ದಿನ, ಏನು ಎತ್ತ ಎಂದು ಹೇಳುವ ಗರಜು ಇಲ್ಲ. ಇನ್ನು ನೇಕಾರರಿಗೆ ರಜೆ ಎಂಬುದೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇತ್ತು. ತಾಯಿ, ತಂದೆ, ಹೆಂಡತಿ, ಮಕ್ಕಳು, ಇಷ್ಟರೊಳಗೆ ಯಾರಾದರೂ ಸತ್ತರೆ ಮೂರು ದಿನ. ಆ ಮೂರು ದಿನ ಅವನ ಮಗ್ಗ ಅವನ ಹೆಸರಿನಲ್ಲೇ ಇರುತ್ತಿತ್ತು. ಅದಕ್ಕೆ ಊರ ಪಾಟೀಲನ ಪತ್ರ ಬೇಕು. ಪತ್ರವಿಲ್ಲದೆ ಒಂದು ದಿನ ತಪ್ಪಿಸಿದರೂ ಮಗ್ಗ ಹೋಯಿತು. ಏಕೆಂದರೆ ಗೇಟಿನ ಹೊರಗೆ ದಿನಾ ಬೆಳಿಗ್ಗೆ ಐವತ್ತು ಅರವತ್ತು ಜನ ಬದಲಿ ನೇಕಾರರು ಸಾಲು ಹಚ್ಚಿ ನಿಂತಿರುತ್ತಿದ್ದರು. ಯಾರಾದರೂ ಬಾರದಿದ್ದರೆ ಮುಕಾದಮ ಹೊರಗೆ ಬಂದು ಸಾಲಿನಲ್ಲಿ ಒಬ್ಬನ ಭುಜ ಮುಟ್ಟಿ ಒಳಗೆ ಕರೆದುಕೊಳ್ಳುತ್ತಿದ್ದ. ಆ ಮೇಲೆ ಹಳೆಯವನು ಬಂದು ಅದೇ ಸಾಲಿನ ತುದಿಗೆ ನಿಲ್ಲಬೇಕು.

ಈಗ ನನ್ನ ಬುದ್ಧಿವಂತಿಕೆಯ ಮಾತು. ನಮ್ಮ ಹೆಡ್ ಕಾರಕೂನ ದಾಮೂಅಣ್ಣಾ ಎಂಬವರು ಮರಾಠಿಯವರು, ಒಳ್ಳೆಯವರೇ, ಆದರೆ ನಿಯಮ ಎಂದರೆ ಅವರಿಗೆ ದೇವರ ಮನೆ. ತಮ್ಮ ಹದಿನೈದು ದಿನದ ರಜೆಯನ್ನು ಹತ್ತು ವರ್ಷದಿಂದ ಮುಟ್ಟಿರಲಿಲ್ಲ, ಅದರ ಜಂಭ ಬೇರೆ. ಒಂದು ದಿನ ಒಬ್ಬ ನೇಕಾರನ ತಾಯಿ ಎರಡನೇ ಸಲ ಸತ್ತದ್ದು ಅವರ ಕಣ್ಣಿಗೆ ಬಿತ್ತು. ಬಿದ್ದದ್ದೇ ತಡ, ಇಡೀ ಆಫೀಸು ತಲೆಯ ಮೇಲೆ ಹೊತ್ತುಕೊಂಡರು. "ಪಾಟೀಲ, ಬಘಾ ಹೇ! ನೋಡ ಇದನ್ನ! ಈ ಮಂದೀಗ ಎಷ್ಟ ಮಂದಿ ತಾಯಿ ಅದಾರ?" ಎಂದು ಮೇಜು ಗುದ್ದಿದರು. ನಾನು ಮೆಚ್ಚಿಗೆ ಗಳಿಸಲು ಹೊಸದಾಗಿ ಬಂದವನು. ಮೂರು ದಿನ ಕುಳಿತು ಒಂದು ರಜಿಸ್ಟರು ಮಾಡಿದೆ. ಪ್ರತಿ ನೇಕಾರನ ಹೆಸರಿನ ಮುಂದೆ ಗೆರೆ ಹಾಕಿ ಚೌಕ ಮನೆಗಳನ್ನು ಎಳೆದೆ. ತಾಯಿಗೊಂದು, ತಂದೆಗೊಂದು, ಹೆಂಡತಿಗೊಂದು, ಮಕ್ಕಳಿಗೆ ಎಣಿಸಿದಷ್ಟು. ಯಾರು ಸತ್ತರೋ ಅವರ ಮನೆಯಲ್ಲಿ ಕೆಂಪು ಶಾಯಿಯ ಗುರುತು. ಒಮ್ಮೆ ಕೆಂಪಾದರೆ ಆ ಮನೆ ಮುಗಿಯಿತು. ದಾಮೂಅಣ್ಣಾ ಅದನ್ನು ಮ್ಯಾನೇಜರರಿಗೆ ತೋರಿಸಿದರು. ಸಾಹೇಬರು ನನ್ನ ಅಕ್ಷರ ನೋಡಿ "ವೆರಿ ನೀಟ್" ಎಂದರಂತೆ. ನಾನು ಆ ಎರಡು ಶಬ್ದಗಳನ್ನು ಊರಿಗೆ ಕಾಗದದಲ್ಲಿ ಬರೆದು ಕಳಿಸಿದೆ. ಮೂರ್ಖತನಕ್ಕೂ ಒಂದು ಮಿತಿ ಬೇಕು.

ಶ್ರಾವಣದಲ್ಲಿ ಧರೆಪ್ಪ ಬಂದ. ಅವನು ನಮ್ಮೂರವನೇ. ತಂದೆ ಅವನು ತೊಟ್ಟಿಲಲ್ಲಿದ್ದಾಗಲೇ ಹೋಗಿದ್ದ. ತಾಯಿ ನೀಲವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ಬೆಳೆಸಿದ್ದಳು. ಮೂವತ್ತರ ಗಟ್ಟಿ ಆಳು, ದಪ್ಪ ಮೀಸೆ, ಎರಡು ಮಗ್ಗ ಒಟ್ಟಿಗೆ ನೋಡಿಕೊಳ್ಳುವ ಕೈ. ಬದಲಿ ಸಾಲಿನಲ್ಲಿ ಎರಡು ವರ್ಷ ನಿಂತು ಆ ಮಗ್ಗ ಹಿಡಿದಿದ್ದ. ಬಾಗಿಲಲ್ಲಿ ನಿಂತು ಟೋಪಿ ತೆಗೆದು ಕೈಯಲ್ಲಿ ಹಿಡಿದ.

"ಅವ್ವಗ ಆರಾಮಿಲ್ರಿ. ಎಂಟ ದಿನ ಆತು, ಹಾಸಿಗಿ ಬಿಟ್ಟ ಎದ್ದಿಲ್ಲ. ನನ್ನ ಹೆಸರ ಹಿಡದ ಕರ್ಯಾಕತ್ತಾಳಂತ. ಒಂದೆರಡ ದಿನ ಹೋಗಿ ಬರ್ತೀನ್ರಿ ಸಾಹೇಬ್ರ."

ದಾಮೂಅಣ್ಣಾ ತಲೆ ಎತ್ತಲಿಲ್ಲ. "ಆಜಾರಾಲಾ ರಜಾ ನಾಹೀ," ಎಂದರು. ಬಳಿಕ ಅವನಿಗೆ ತಿಳಿಯಲೆಂದು ತಮ್ಮ ಕನ್ನಡದಲ್ಲಿ, "ಜಡ್ಡಿಗೆ ರಜಾ ಇಲ್ಲ. ಸತ್ತ ಮ್ಯಾಲ ಬಾ. ಪತ್ರ ತಗೊಂಡ ಬಾ. ಮೂರ ದಿನ ಕೊಡತೀನಿ, ನಾ ಇಲ್ಲ ಅನ್ನಾಂಗಿಲ್ಲ."

"ಸತ್ತ ಮ್ಯಾಲ ಹೋಗಿ ಏನ ಮಾಡ್ಲಿರಿ? ಮಾತಾಡ್ಸಬೇಕಂತೀನ್ರಿ ನಾ."

"ನಿಯಮಾತ ಬಸತ ನಾಹೀ," ಎಂದರು ಅವರು, ನಿಯಮದಲ್ಲಿ ಕೂರುವುದಿಲ್ಲ ಎಂದು. ಎದ್ದು ಎಲೆ ಅಡಿಕೆ ಉಗುಳಿ ಚಹಾ ಕುಡಿಯಲು ಹೊರಗೆ ಹೋದರು.

ನನಗೆ ಸಿಟ್ಟು ಬಂತು. ಇದರಲ್ಲಿ ದೊಡ್ಡತನವೇನೂ ಇಲ್ಲ. ಅದೇ ವಾರ ಮೇಮಸಾಹೇಬರ ನಾಯಿಗೆ ಕಾಲು ಉಳುಕಿತೆಂದು ಸಾಹೇಬರು ಅರ್ಧ ದಿನ ಬಂದಿರಲಿಲ್ಲ, ಅದನ್ನೂ ನಾನೇ ಬರೆದಿದ್ದೆ. ಧರೆಪ್ಪನನ್ನು ಗೋದಾಮಿನ ಹಿಂದೆ ಕರೆದುಕೊಂಡು ಹೋದೆ. ಅಪ್ಪನ ಮೋಡಿ ಅಕ್ಷರ ನನಗೆ ಬಾಯಿಪಾಠವಿದ್ದ ಹಾಗೆ. ಸಣ್ಣಂದಿನಿಂದ ಅವರ ಕಾಗದ ನಕಲು ಮಾಡಿಯೇ ನಾನು ಬರೆಯಲು ಕಲಿತದ್ದು. ಒಂದು ಹಾಳೆ ತೆಗೆದು, ನೀಲವ್ವ ಎಂಬ ಹೆಣ್ಣುಮಗಳು ನಿನ್ನೆ ತೀರಿಕೊಂಡಳು, ಮಗನನ್ನು ಕಳಿಸಬೇಕು ಎಂದು ಬರೆದು ಅಪ್ಪನ ಸಹಿ ಹಾಕಿದೆ. ಆಫೀಸಿಗೆ ಬಂದು ರಜಿಸ್ಟರಿನಲ್ಲಿ ಅವನು ಹೆಬ್ಬೆಟ್ಟು ಒತ್ತಬೇಕಿತ್ತು. ಅವನು ಕೈ ಹಿಂದೆ ಇಟ್ಟುಕೊಂಡು ನಿಂತುಬಿಟ್ಟ.

"ಜೀವಂತ ಅದಾಳ್ರಿ ನಮ್ಮವ್ವ. ನಾ ಹೆಂಗ ಒತ್ತಲಿ?"

"ಕಾಗದದಾಗ ಅಷ್ಟ ಸಾಯೋದೋ ಹುಚ್ಚಾ. ಕಾಗದದಾಗ ಸತ್ತರ ಏನ ಆಗ್ತದ?"

"ಅಪಶಕುನ ಆಗ್ತದ್ರಿ ಪಾಟೀಲ್ರ."

"ಒತ್ತತೀ ಇಲ್ಲೋ? ದಾಮೂಅಣ್ಣಾ ಬರಾಕತ್ತಾರ, ಹೊತ್ತ ಕಳೀಬ್ಯಾಡ," ಎಂದು ಗದರಿಸಿದೆ. ಅವನು ಕಣ್ಣು ಮುಚ್ಚಿ ಒತ್ತಿದ. ನೀಲವ್ವನ ಮನೆಗೆ ಕೆಂಪು ಗುರುತು ಹಾಕಿದೆ. ದಾಮೂಅಣ್ಣಾ ಬಂದು ಪತ್ರ ನೋಡಿ, "ಬಘಾ, ಎಷ್ಟ ಲಗೂನ ಆತು!" ಎಂದರು. ಊರಿಂದ ಈಗಷ್ಟೇ ಆಳು ಬಂದ ಎಂದೆ. ಅಯ್ಯೋ ಪಾಪ ಎಂದು ಸಹಿ ಹಾಕಿದರು. ಧರೆಪ್ಪ ಹೋದ ಮೇಲೆ ನಾನು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮೂರು ದಿನಕ್ಕೆ ಸರಿಯಾಗಿ ವಾಪಸು ಬಂದ, ಮುಖದ ತುಂಬ ನಗು. ಮಗನ ದನಿ ಕೇಳಿದ ದಿನವೇ ನೀಲವ್ವ ಎದ್ದು ಕುಳಿತು ಅಂಬಲಿ ಕುಡಿದಳಂತೆ. ಮರುದಿನ ಗೋಡೆ ಹಿಡಿದು ಅಂಗಳಕ್ಕೆ ಬಂದಳಂತೆ. ನನಗೂ ಖುಷಿಯಾಯಿತು. ಅಷ್ಟರಲ್ಲಿ ಅವನ ಮೀಸೆ ಕಣ್ಣಿಗೆ ಬಿತ್ತು. ಅವರ ಮನೆತನದಲ್ಲಿ ತಂದೆ ತಾಯಿ ಹೋದರೆ ಮೀಸೆ ತೆಗೆಯುವ ರೂಢಿ. ಮುಕಾದಮನೂ ಅದೇ ಜಾತಿಯವನು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಈಗಲೇ ಹೋಗಿ ಮೀಸೆ ತೆಗೆಸು ಎಂದೆ. ಅವನು ಖಡಾಖಡಿ ಒಲ್ಲೆ ಎಂದ. ಹೆಬ್ಬೆಟ್ಟು ಬೇರೆ, ಮೀಸೆ ಬೇರೆ, ಅವ್ವ ಇರುವವರೆಗೆ ತೆಗೆಯುವುದಿಲ್ಲ ಎಂದ. ಮಗ್ಗ ಹೋಗುತ್ತದೆ, ನನ್ನ ನೌಕರಿ ಹೋಗುತ್ತದೆ, ನನ್ನ ಮಾತು ಕೇಳು ಎಂದು ಅರ್ಧ ತಾಸು ತಲೆ ತಿಂದೆ. ಕೊನೆಗೆ ಗೇಟಿನ ಹೊರಗಿನ ಹಜಾಮನ ಮುಂದೆ ಕುಳಿತ. ಹಜಾಮ ಯಾರು ತೀರಿಕೊಂಡರು ಎಂದು ಕೇಳಿದ. ಅವನು ಗದ್ದ ಮೇಲೆತ್ತಿ ಕೊಟ್ಟ.

ಮುಕಾದಮನ ಕಣ್ಣಿಗೆ ಮಣ್ಣೆರಚಿದ್ದಾಯಿತು ಎಂದು ನಾನು ನಿಶ್ಚಿಂತನಾದೆ. ಹದಿನೈದು ದಿನ ಕಳೆದಿರಲಿಲ್ಲ, ಒಂದು ಮಧ್ಯಾಹ್ನ ಗೇಟಿನ ಪಹರೆಯವನು ಬಂದು, ಧರೆಪ್ಪನ ತಾಯಿಯಂತೆ, ಹೊರಗೆ ಕುಳಿತಿದ್ದಾಳೆ ಎಂದ! ಪುಣ್ಯಕ್ಕೆ ದಾಮೂಅಣ್ಣಾ ಊಟಕ್ಕೆ ಹೋಗಿದ್ದರು. ಓಡಿದೆ. ಬೇವಿನ ಗಿಡದ ಬುಡಕ್ಕೆ ನೀಲವ್ವ ಕುಳಿತಿದ್ದಳು, ಮಡಿಲಲ್ಲಿ ಗಂಟು. ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಮೈಯಲ್ಲಿ ಅರ್ಧ ಜೀವ ಇರಲಿಲ್ಲ, ಯಾರದೋ ಗಾಡಿಯಲ್ಲಿ ಸ್ಟೇಷನ್ನಿಗೆ ಬಂದು ರೈಲು ಹತ್ತಿದ್ದಳು.

"ನೀ ಪಾಟೀಲ್ರ ಸಣ್ಣ ಮಗ ಅಲ್ಲೇನು? ಎಷ್ಟ ಒಣಗೀಯೋ! ಇಲ್ಲೆ ಉಣ್ಣಾಕ ಹಾಕಂಗಿಲ್ಲೇನು?"

"ಆಯಿ, ನೀ ಇಲ್ಲಿಗಿ ಬರಬಾರದಿತ್ತು," ಎಂದೆ ನಾನು. ಅಷ್ಟರಲ್ಲಿ ಮಧ್ಯಾಹ್ನದ ಭೋಂಗಾ ಆಗಿ ಜನ ಹೊರಬಿದ್ದರು. ಧರೆಪ್ಪ ಬಂದ. ಮುದುಕಿ ನಗುತ್ತಾ ಮುಖ ಎತ್ತಿದವಳು ಅವನ ಮೀಸೆ ಇಲ್ಲದ ತುಟಿ ನೋಡಿ ನಗು ನಿಲ್ಲಿಸಿದಳು.

"ಯಾರ ಸತ್ತಾರೋ?"

ಅವನು ನೆಲ ನೋಡಿದ. ಅವಳು ನನ್ನನ್ನು ನೋಡಿದಳು, ಮತ್ತೆ ಅವನನ್ನು ನೋಡಿದಳು. ಅವನ ಅಪ್ಪ ಎಂದೋ ಹೋದವನು. ಲೆಕ್ಕ ಹಾಕುವುದು ಅವಳಿಗೆ ಕಷ್ಟವಾಗಲಿಲ್ಲ.

"ನಾನಽ?"

"ರಜಾ ಕೊಡಲಿಲ್ಲವ್ವ. ಸತ್ತರ ಅಷ್ಟ ಕೊಡ್ತಾರಂತ."

ಅವಳು ಅಳುತ್ತಾಳೆ, ಇಲ್ಲವೇ ನನ್ನನ್ನು ಬಯ್ಯುತ್ತಾಳೆ ಎಂದು ಕಾದೆ. ಅವಳು ಗಂಟು ಬಿಚ್ಚಿ ರೊಟ್ಟಿ ಮುರಿದು ಮಗನ ಕೈಯಲ್ಲಿ ಇಟ್ಟಳು. "ಎಷ್ಟ ದಿನ ಕೊಟ್ಟರು?" ಎಂದಳು.

"ಮೂರು."

"ಇಡೀ ಜಲ್ಮ ದುಡದೀನಿ, ಮೂರಽ ದಿನಾ?" ಎಂದು ಬಾಯಿ ತುಂಬ ನಕ್ಕಳು. ನಾನೂ ನಕ್ಕೆ. ಧರೆಪ್ಪ ನಗಲಿಲ್ಲ. ಹೊರಡುವಾಗ ಮುದುಕಿ ನನ್ನ ಕೈ ಹಿಡಿದುಕೊಂಡಳು. ನಗು ಹೋಗಿತ್ತು.

"ಯಪ್ಪಾ, ಖರೇ ಸತ್ತಾಗ ಇವನ್ನ ಕಳಸ್ತಾರಲ್ಲಾ? ಇವನ ಕೈಲೆ ಒಂದ ಹಿಡಿ ಮಣ್ಣ ಬೀಳಬೇಕು ನನ್ನ ಮ್ಯಾಲ. ಮತ್ತೇನೂ ಬ್ಯಾಡ ನನಗ."

"ಕಳಸ್ತಾರ ಆಯಿ. ನಾ ಇಲ್ಲೆ ಅದೀನಲ್ಲ," ಎಂದೆ. ಎಷ್ಟು ಸಲೀಸಾಗಿ ಎಂದೆ!

ಮಳೆ ಹಿಂದಾಯಿತು, ದಸರೆ ದೀಪಾವಳಿ ಹೋದವು. ಸಂಸ್ಥಾನದ ಕಪ್ಪು ಹೊಲಗಳಲ್ಲಿ ಬಿಳಿಜೋಳ ತೆನೆಗೆ ಬಂತು. ನಾತಾಳದ, ಎಂದರೆ ಕ್ರಿಸ್‌ಮಸ್ಸಿನ, ವಾರ ಒಂದು ಬೆಳಿಗ್ಗೆ, ಭೋಂಗಾ ಆಗಿ ಸ್ವಲ್ಪ ಹೊತ್ತಿಗೆ, ನಮ್ಮ ಮನೆಯ ಆಳು ಕಲ್ಲಪ್ಪ ಆಫೀಸಿಗೆ ಬಂದ. ಕೈಯಲ್ಲಿ ಅಪ್ಪನ ಪತ್ರ, ಈ ಸಲ ನಿಜವಾದದ್ದು. ನೀಲವ್ವ ಹಿಂದಿನ ಸಂಜೆ ತೀರಿಕೊಂಡಿದ್ದಳು. ಒಂಬತ್ತೂವರೆಯ ರೈಲಿಗೆ ಧರೆಪ್ಪನನ್ನು ಕಳಿಸು, ಸ್ಟೇಷನ್ನಿನಲ್ಲಿ ಗಾಡಿ ನಿಲ್ಲಿಸಿರುತ್ತೇನೆ, ಅವನು ಬರುವವರೆಗೆ ಹೆಣ ಎತ್ತುವುದಿಲ್ಲ ಎಂದು ಬರೆದಿದ್ದರು. ನಾನು ಧರೆಪ್ಪನನ್ನು ಶೆಡ್ಡಿನಿಂದ ಕರೆಸಿದೆ. ಅವನು ಪತ್ರವನ್ನು ಎರಡೂ ಕೈಯಿಂದ ಹಿಡಿದು ನೋಡಿದ. ಓದಲು ಬರುತ್ತಿರಲಿಲ್ಲ ಅವನಿಗೆ.

"ಹೋಗ್ಲ್ಯಾರಿ?" ಎಂದ.

ಹೋಗು ಎನ್ನಬೇಕಿತ್ತು. ನಾನು "ತಡಿ, ರಜಾ ಬರಸ್ತೀನಿ, ಸುಮ್ನ ಹೋದರ ಮಗ್ಗ ಹೋಗ್ತದ" ಎಂದೆ. ಬಾಗಿಲ ಹೊರಗೆ ನಿಲ್ಲಿಸಿ ಒಳಗೆ ಹೋದೆ. ದಾಮೂಅಣ್ಣಾ ಪತ್ರ ಓದಿದರು. ರಜಿಸ್ಟರು ತೆರೆದರು. ಅವರ ಬೆರಳು ನಾನು ಎಳೆದ ಗೆರೆಯ ಗುಂಟ ನಿಧಾನ ಸರಿದು ಕೆಂಪು ಗುರುತಿನ ಮೇಲೆ ನಿಂತಿತು.

"ಪಾಟೀಲ, ಹೇ ಕಾಯ? ಏನಿದು? ಇವನ ತಾಯಿ ಶ್ರಾವಣದಾಗನಽ ಹೋಗ್ಯಾಳ. ನಿಮ್ಮ ಅಪ್ಪನವರ ಸಹಿ ಅದ. ಇಲ್ಲೂ ಅವರ ಸಹಿ ಅದ. ಎರಡರಾಗ ಒಂದ ಖೋಟಾ. ಯಾವದು?"

ಒಂದೇ ಒಂದು ಮಾತು ಸಾಕಿತ್ತು. ಮೊದಲಿನದು ನಾನು ಬರೆದದ್ದು ಎಂದಿದ್ದರೆ ನನ್ನ ನೌಕರಿ ಹೋಗುತ್ತಿತ್ತು, ಅವನಿಗೆ ಆ ರೈಲು ಸಿಗುತ್ತಿತ್ತು. ನೌಕರಿ ಹೋಗಿದ್ದರೆ ನನಗೇನಾಗುತ್ತಿತ್ತು? ಊರಲ್ಲಿ ಹೊಲವಿತ್ತು, ಅಣ್ಣಂದಿರು ನಾಲ್ಕು ದಿನ ಆಡಿಕೊಂಡು ನಗುತ್ತಿದ್ದರು, ಅಷ್ಟೇ. ಆದರೆ ನಾನು ಆ ಮಾತು ಆಡಲಿಲ್ಲ. "ಏನೋ ಗೊಂದಲ ಆಗಿರಬೇಕು, ಮಲತಾಯಿ ಇದ್ದಾಳೇನೋ ವಿಚಾರಿಸುತ್ತೇನೆ" ಎಂದು ತೊದಲಿದೆ. ಮಲತಾಯಿಗೆ ರಜಿಸ್ಟರಿನಲ್ಲಿ ಮನೆ ಇಲ್ಲ ಎಂದರು ದಾಮೂಅಣ್ಣಾ. ಮನೆ ಎಳೆದವನು ನಾನೇ, ಎಲ್ಲಿಂದ ಬರಬೇಕು? ಇಂಥ ತಕರಾರಿನ ಕಟ್ಲೆ ತಾವು ಬಿಡಿಸುವಂತಿಲ್ಲ, ಮ್ಯಾನೇಜರರೇ ಬಿಡಿಸಬೇಕು ಎಂದರು. ಮ್ಯಾನೇಜರರೆಲ್ಲಿ? ನಾತಾಳದ ರಜೆಗೆ ಮುಂಬಯಿಗೆ ಹೋಗಿದ್ದರು. ಅವರ ಕೆಳಗಿನ ಮಾಸ್ತರರು? ರಜೆ ಹಾಕಿ ಶಿಕಾರಿಗೆ ಹೋಗಿದ್ದರು. ಒಬ್ಬ ನೇಕಾರನಿಗೆ ಮೂರು ದಿನ ರಜೆ ಕೊಡಬಲ್ಲವರೆಲ್ಲ ರಜೆಯ ಮೇಲಿದ್ದರು. ಇದನ್ನು ಬರೆಯುವಾಗಲೂ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ.

ಗಡಿಯಾರದ ಮುಳ್ಳು ಒಂಬತ್ತು ದಾಟಿತು. ನಾನು ಒಳಗೆ ಹೊರಗೆ ಓಡಾಡಿದೆ. ಪ್ರತಿ ಸಲ ಹೊರಗೆ ಬಂದಾಗಲೂ ಧರೆಪ್ಪನಿಗೆ "ಇನ್ನ ಸ್ವಲ್ಪ ತಡಿ, ಆಗ್ತದ" ಎನ್ನುತ್ತಿದ್ದೆ. ಅವನು ನನ್ನನ್ನು ನಂಬಿ ನಿಂತಿದ್ದ. ಪಾಟೀಲರ ಮಗ, ತನ್ನ ಊರವನು, ಅವ್ವನ ಎದುರು ಮಾತು ಕೊಟ್ಟವನು. ಒಂಬತ್ತೂವರೆಗೆ ಸ್ಟೇಷನ್ನಿನ ಕಡೆಯಿಂದ ಇಂಜಿನ್ ಕೂಗಿದ್ದು ಇಬ್ಬರಿಗೂ ಕೇಳಿಸಿತು. ಅವನು ಆ ಕಡೆ ತಿರುಗಿ ನೋಡಿದ.

ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ಹೇಳಲು ಇವತ್ತಿಗೂ ನಾಚಿಕೆ. ಅವನ ಹೆಸರಿನ ಮುಂದೆ ತಂದೆಯ ಮನೆ ಖಾಲಿ ಇತ್ತು. ಮೂವತ್ತು ವರ್ಷದ ಹಿಂದೆ ಸತ್ತವನು ಗಿರಣಿಯ ಲೆಕ್ಕದಲ್ಲಿ ಇನ್ನೂ ಜೀವಂತವಿದ್ದ. ಧರೆಪ್ಪನ ಹತ್ತಿರ ಹೋಗಿ ಪಿಸುಗುಟ್ಟಿದೆ.

"ನಿಮ್ಮಪ್ಪ ಸತ್ತಾನಂತ ಬರೀತೀನಿ. ಇನ್ನೊಂದ ಪತ್ರ ಮಾಡ್ತೀನಿ. ಬಾ, ಹೆಬ್ಬೆಟ್ಟ ಒತ್ತು. ಮಧ್ಯಾಹ್ನದ ಗಾಡಿ ಸಿಗ್ತದ."

ಅವನು ಕೈಯಲ್ಲಿದ್ದ ಟೋಪಿಯನ್ನು ಕೊಡವಿದ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

"ಒಮ್ಮಿ ಒತ್ತಿದ್ದು ಸಾಕ್ರಿ ಪಾಟೀಲ್ರ," ಎಂದ. "ಇವತ್ತ ನಮ್ಮವ್ವ ಸತ್ತಾಳ. ನಮ್ಮವ್ವ ಸತ್ತಾಳಂತನಽ ಹೇಳಿ ಹೋಗ್ತೀನಿ."

ಬಾಗಿಲಲ್ಲಿ ನಿಂತು, ಒಳಗಿನ ಎಲ್ಲರಿಗೂ ಕೇಳುವಂತೆ "ನಮ್ಮವ್ವ ಸತ್ತಾಳ್ರೀ, ನಾ ಹೊಂಟೆ" ಎಂದು ಹೇಳಿ, ಟೋಪಿ ಹಾಕಿಕೊಂಡು ಗೇಟು ದಾಟಿ ಹೋದ. ದಾಮೂಅಣ್ಣಾ ನನ್ನ ಮುಖ ನೋಡಿದರು. ನಾನು ರಜಿಸ್ಟರು ನೋಡಿದೆ. ಮುಕಾದಮ ಹೊರಗೆ ಹೋಗಿ ಸಾಲಿನಲ್ಲಿ ಒಬ್ಬನ ಭುಜ ಮುಟ್ಟಿದ. ಧರೆಪ್ಪನ ಹೆಸರಿನ ಮುಂದೆ "ಹೇಳದೆ ಹೋದವನು" ಎಂದು ಬರೆಯಬೇಕಾಯಿತು, ಬರೆದೆ.

ಸಂಕ್ರಾಂತಿಯ ಹೊತ್ತಿಗೆ ನಾನು ನನ್ನ ಹದಿನೈದು ದಿನದ ರಜೆ ಕೇಳಿದೆ. ಕಾರಣ ಬರೆಯುವ ಗರಜಿರಲಿಲ್ಲ, ಬರೆಯಲಿಲ್ಲ. ದಾಮೂಅಣ್ಣಾ ಸಹಿ ಹಾಕುತ್ತಾ, "ಹುರಡಾ ತಿನ್ನಾಕ ಹೊಂಟೀಯೇನು? ಮಜಾ ಅದ. ನನಗೂ ಸ್ವಲ್ಪ ತಗೊಂಡ ಬಾ" ಎಂದರು. ಎಳೆಯ ಜೋಳದ ತೆನೆ ಸುಟ್ಟು ತಿನ್ನುವ ಕಾಲ ಅದು. ಸಹಿಗೆ ಹಿಡಿದದ್ದು ಅರ್ಧ ನಿಮಿಷ.

ಊರಲ್ಲಿ ಹೊಲದ ಬದುವಿನ ಮೇಲೆ ಬೆಂಕಿ ಹಾಕಿ ಅಪ್ಪ ತೆನೆ ಸುಡುತ್ತಿದ್ದರು. ನಾನು ಅಂಗೈಯಲ್ಲಿ ತಿಕ್ಕಿ ಕಾಳು ಬಾಯಿಗೆ ಹಾಕಿಕೊಂಡಾಗ ಅವರು ಕೇಳಿದರು, "ನನ್ನ ಪತ್ರ ಮುಟ್ಟಲಿಲ್ಲೇನು ಅವತ್ತ?"

"ಮುಟ್ಟಿತ್ತು."

"ಮತ್ತ ಯಾಕ ಹೊತ್ತಾತು? ಮಧ್ಯಾಹ್ನ ತನಾ ನೋಡಿದ್ವಿ, ಸೂರ್ಯ ಇಳ್ಯೂತನಾ ನೋಡಿದ್ವಿ. ಹೆಣ ಎಷ್ಟ ಹೊತ್ತ ಇಡಾಕ ಬರ್ತದ? ಎತ್ತಿದ್ವಿ. ನಾವು ಮಣ್ಣ ಮಾಡಿ ತಿರಗಿ ಬರೂದಕ್ಕೂ ಅಂವ ಎದುರಿಗೆ ಓಡಿ ಬರೂದಕ್ಕೂ ಸರಿ ಆತು. ನಾ ಕೇಳಿದೆ, ಗಿರಣಿಯವರು ಬಿಡಲಿಲ್ಲೇನೋ ಅಂತ. ಏನೂ ಹೇಳಲಿಲ್ಲ. ನಿನ್ನ ಹೆಸರೂ ಎತ್ತಲಿಲ್ಲ."

ಮುಂದೆ ನಾನು ಎಷ್ಟು ತೆನೆ ತಿಂದೆನೋ ನೆನಪಿಲ್ಲ. ಹದಿನೈದು ದಿನವೂ ಊರಲ್ಲೇ ಇದ್ದೆ. ನಡುವೆ ಎದ್ದು ಬರಬಹುದಿತ್ತು, ದಾಮೂಅಣ್ಣಾರಿಗೆ ನಿಜ ಹೇಳಿ ಧರೆಪ್ಪನ ಮಗ್ಗ ಅವನಿಗೆ ಕೊಡಿಸಲು ಯತ್ನಿಸಬಹುದಿತ್ತು. ದಿನಾ ಬೆಳಿಗ್ಗೆ ನಾಳೆ ಹೋಗೋಣ ಎಂದುಕೊಂಡೆ. ರಜೆ ಇನ್ನೂ ಬಾಕಿ ಇತ್ತು.

ಹದಿನಾರನೇ ದಿನ ಹುರಡಾದ ಗಂಟು ಹಿಡಿದು ಗಿರಣಿಯ ಗೇಟಿಗೆ ಬಂದೆ. ನನ್ನ ಕುರ್ಚಿ, ನನ್ನ ಬರೆಯುವ ಟಾಕು, ನನ್ನ ಶಾಯಿಯ ದೌತಿ ಬಿಟ್ಟು ಹೋದಲ್ಲೇ ಇದ್ದವು ಎಂದು ಪಹರೆಯವನು ನಗುತ್ತಾ ಹೇಳಿದ. ಬದಲಿ ನೇಕಾರರ ಸಾಲು ಎಂದಿನಂತೆ ನಿಂತಿತ್ತು. ತುದಿಯಿಂದ ಮೂರನೆಯವನು ಧರೆಪ್ಪ. ತಲೆ ತಗ್ಗಿಸಿ ಹಾದು ಹೋಗಬೇಕೆಂದಿದ್ದೆ. ಅವನೇ ನನ್ನನ್ನು ನೋಡಿ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ.

"ಊರಿಂದ ಬಂದ್ರ್ಯಾ ಪಾಟೀಲ್ರ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಕುಹಕವಿರಲಿಲ್ಲ, ಊರಿಂದ ಬಂದವರನ್ನು ಯಾರಾದರೂ ಕೇಳುವ ಹಾಗೆಯೇ ಕೇಳಿದ. "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?"

"ಎಲ್ಲಾರೂ ಆರಾಮ ಅದಾರ," ಎಂದೆ ನಾನು. ಭೋಂಗಾ ಆಯಿತು, ಹಾಜರಿ ಬರೆಯಲು ಒಳಗೆ ಹೋದೆ.